ವಿಶ್ವವಿದ್ಯಾನಿಲಯದ ಹೊಸ್ತಿಲು: ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಪದವಿಪೂರ್ವ ವ್ಯಾಸಂಗದ ನೆಲೆ

ಹತ್ತನೆಯ ತರಗತಿಯನ್ನು ಮುಗಿಸಿದ ವಿದ್ಯಾರ್ಥಿಯು ನಮ್ಮ ರಾಜ್ಯದಲ್ಲಿ ಸೇರುವ ಎರಡು ವರ್ಷಗಳ ವ್ಯಾಸಂಗಕ್ಕೆ ಪಿ.ಯು.ಸಿ. ಎಂದು ಹೆಸರು. ಅದನ್ನು ಕಲಿಸುವ ಸ್ಥಳವನ್ನು ಶಾಲೆಯೆಂದು ಯಾರೂ ಕರೆಯುವುದಿಲ್ಲ; ಅದು ಕಾಲೇಜು. ಆದರೆ ಈ ವ್ಯಾಸಂಗದ ಪಠ್ಯವನ್ನು ಗೊತ್ತುಮಾಡುವುದರಲ್ಲಾಗಲಿ, ಪರೀಕ್ಷೆಯನ್ನು ನಡೆಸುವುದರಲ್ಲಾಗಲಿ ಯಾವ ವಿಶ್ವವಿದ್ಯಾನಿಲಯದ ಕೈಯೂ ಇಲ್ಲ. ಬೇರೆ ಅನೇಕ ರಾಜ್ಯಗಳಲ್ಲಿ ಇದೇ ಎರಡು ವರ್ಷಗಳು ಪ್ರೌಢಶಾಲೆಯ ಮೇಲಿನ ತರಗತಿಗಳಾಗಿ ಹೋಗಿವೆ. ನಮ್ಮಲ್ಲಿ ಮಾತ್ರ ಮಗನನ್ನೋ ಮಗಳನ್ನೋ ಪಿ.ಯು.ಸಿ.ಗೆ ಸೇರಿಸಿದ ತಂದೆಯು ‘ಕಾಲೇಜಿಗೆ ಸೇರಿಸಿದೆ’ ಎಂದೇ ಹೇಳುತ್ತಾನೆ. ಹೆಸರು ಉಳಿದು ಸಂಬಂಧ ಕಳಚಿಹೋದ ಇಂತಹ ಪದಗಳು ಇತಿಹಾಸದ ವಿದ್ಯಾರ್ಥಿಗೆ ಒಳ್ಳೆಯ ಸುಳಿವುಗಳು. ಪ್ರೌಢಶಾಲೆಗೂ ವಿಶ್ವವಿದ್ಯಾನಿಲಯಕ್ಕೂ ನಡುವಣ ಈ ಮೆಟ್ಟಿಲು ಎಲ್ಲಿ ಇತ್ತು, ಯಾರ ವಶದಲ್ಲಿತ್ತು, ಅದು ಇದ್ದ ಸ್ಥಳದಿಂದ ಯಾರಿಗೆ ಅನುಕೂಲವಾಯಿತು, ಯಾರಿಗೆ ಆಗಲಿಲ್ಲ ಎಂಬುದನ್ನು ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳನ್ನು ಕಣ್ಣಮುಂದಿಟ್ಟುಕೊಂಡು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಈ ಮೂರು ತಾಲ್ಲೂಕುಗಳನ್ನೇ ಆರಿಸಿಕೊಂಡುದಕ್ಕೆ ಕಾರಣವುಂಟು. ಇವು ಮೈಸೂರಿಗೂ ಬೆಂಗಳೂರಿಗೂ ನಡುವೆ ಇವೆ. ಅರ್ಥಾತ್ ಹಳೆಯ ಸಂಸ್ಥಾನದ ಎರಡು ಕಾಲೇಜು ನಗರಗಳ ನಡುವೆ. ಮದ್ದೂರು ಮತ್ತು ಮಂಡ್ಯಗಳ ಮೂಲಕ 1880ರ ದಶಕದ ಆರಂಭದಲ್ಲಿಯೇ ರೈಲುದಾರಿ ಹಾದುಹೋಯಿತು. ಮಳವಳ್ಳಿಗೆ ರೈಲು ಅಂದೂ ಬರಲಿಲ್ಲ, ಮುಂದೆಯೂ ಬರಲಿಲ್ಲ. ಕೃಷ್ಣರಾಜಸಾಗರದಿಂದ ಹೊರಟು ಹುಲಿಕೆರೆಯ ಸುರಂಗವನ್ನು ದಾಟಿ ಬರುವ ನಾಲೆ, ಮೊದಲು ಇರ್ವಿನ್ ನಾಲೆಯೆಂದೂ ಅನಂತರ ವಿಶ್ವೇಶ್ವರಯ್ಯ ನಾಲೆಯೆಂದೂ ಹೆಸರಾದದ್ದು, ಮೂರು ತಾಲ್ಲೂಕುಗಳಿಗೂ ನೀರನ್ನು ತಂದಿತು. ನೀರು ಸಮಾನವಾಗಿ ಬಂದ ಕಡೆಯಲ್ಲಿ ವಿದ್ಯೆ ಹೇಗೆ ಬಂದಿತು ಎಂದು ನೋಡಲು ಇದು ತಕ್ಕ ಸೀಮೆ.

1916ಕ್ಕೆ ಮೊದಲು ಮೈಸೂರು ಸಂಸ್ಥಾನದ ಕಾಲೇಜುಗಳು ಮದರಾಸು ವಿಶ್ವವಿದ್ಯಾನಿಲಯಕ್ಕೆ ಅಧೀನವಾಗಿದ್ದವು. ಮೆಟ್ರಿಕ್ಯುಲೇಷನ್ ಪರೀಕ್ಷೆಯನ್ನು ಮುಗಿಸಿದವನು ಎರಡು ವರ್ಷ ಎಫ್.ಎ. ತರಗತಿಯಲ್ಲಿ ಓದಿ ಬಳಿಕ ಬಿ.ಎ. ಪದವಿಗೆ ಹೋಗಬೇಕಾಗಿತ್ತು. 1916ರ ಜುಲೈ ತಿಂಗಳಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪಿತವಾದಾಗ, ದೇಶೀಯ ಸಂಸ್ಥಾನಗಳಲ್ಲಿ ಮೊದಲನೆಯದೆನಿಸಿದ ಆ ಸಂಸ್ಥೆಯ ಮುಂದೆ ಈ ಮೆಟ್ಟಿಲನ್ನು ಏನು ಮಾಡಬೇಕೆಂಬ ಪ್ರಶ್ನೆ ಬಂದಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, ಎಚ್.ವಿ. ನಂಜುಂಡಯ್ಯನವರು ಮೊದಲನೆಯ ಕುಲಪತಿಗಳಾಗಿ ಅದಕ್ಕೆ ಕೊಟ್ಟ ಉತ್ತರ ಆ ದಿನಗಳಿಗೆ ಹೊಸದು. ಪದವಿಯ ವ್ಯಾಸಂಗಕ್ಕೆ ಮೂರು ವರ್ಷ. ಅದಕ್ಕೆ ಮೊದಲು ಒಂದು ವರ್ಷದ ಪ್ರವೇಶ ತರಗತಿ. ಆ ತರಗತಿ ನಡೆಯತಕ್ಕದ್ದು ಕಾಲೇಜಿನಲ್ಲಲ್ಲ, ಕಾಲೇಜಿಯೆಟ್ ಹೈಸ್ಕೂಲುಗಳಲ್ಲಿ. ವಿಶ್ವವಿದ್ಯಾನಿಲಯವು ತನ್ನ ಬಾಗಿಲಿನ ಹೊಸ್ತಿಲನ್ನು ತನ್ನ ಕಟ್ಟಡದಿಂದ ಹೊರಕ್ಕೆ ಇರಿಸಿತು ಎನ್ನಬಹುದು.

ಇದೇ ಆಲೋಚನೆ ಆ ವೇಳೆಗೆ ಪರದೇಶದಲ್ಲಿಯೂ ಹುಟ್ಟಿತ್ತು. ಅಮೆರಿಕದ ಷಿಕಾಗೊ ವಿಶ್ವವಿದ್ಯಾನಿಲಯದ ಮೊದಲ ಅಧ್ಯಕ್ಷ ವಿಲಿಯಂ ರೇನಿ ಹಾರ್ಪರ್ ಎಂಬವನು ಕಾಲೇಜಿನ ನಾಲ್ಕು ವರ್ಷಗಳನ್ನು ಎರಡಾಗಿ ಸೀಳಿ, ಮೊದಲಿನ ಅರ್ಧಕ್ಕೆ ಜೂನಿಯರ್ ಕಾಲೇಜು ಎಂಬ ಹೆಸರನ್ನು ಕೊಟ್ಟನು. ಅವನ ಪ್ರೇರಣೆಯಿಂದ 1901ರಲ್ಲಿ ಇಲಿನಾಯ್ ಸೀಮೆಯ ಜೋಲಿಯೆಟ್ ಪಟ್ಟಣದ ಪ್ರೌಢಶಾಲೆಗೇ ಅಂಟಿಕೊಂಡಂತೆ ಒಂದು ಜೂನಿಯರ್ ಕಾಲೇಜು ಆರಂಭವಾಯಿತು. ಅಲ್ಲಿನ ಸಮುದಾಯ ಕಾಲೇಜುಗಳ ವಂಶಕ್ಕೆ ಅದೇ ಮೂಲಪುರುಷ. ಷಿಕಾಗೊದಲ್ಲಿ ಹಾರ್ಪರ್ ಮಾಡಿದ ಇನ್ನೊಂದು ವ್ಯವಸ್ಥೆಯೂ ಇಲ್ಲಿ ಸ್ಮರಣೀಯ: ವರ್ಷವನ್ನು ನಾಲ್ಕು ಅವಧಿಗಳಾಗಿ ವಿಭಾಗಿಸಿ, ಬೇಸಗೆಯನ್ನೂ ಪಾಠದ ಅವಧಿಯಾಗಿ ಮಾಡಿದ್ದು. ಅಮೆರಿಕದ ವಿದ್ಯಾರ್ಥಿಯು ವಿಶ್ವವಿದ್ಯಾನಿಲಯವನ್ನು ಸೇರುವ ಮುಂಚಿನ ಬೇಸಗೆಯಲ್ಲಿ ತನ್ನ ಊರಿನ ಸಮುದಾಯ ಕಾಲೇಜಿನಲ್ಲಿ ಒಂದೆರಡು ವಿಷಯಗಳನ್ನು ಓದಿ, ಆ ಅಂಕಗಳನ್ನು ವಿಶ್ವವಿದ್ಯಾನಿಲಯಕ್ಕೆ ಒಯ್ಯುವ ರೂಢಿಯು ಈ ಎರಡು ಏರ್ಪಾಟುಗಳ ಸಂಗಮದಿಂದ ಬೆಳೆದುದು. ನಮ್ಮಲ್ಲಿ ಹೊಸ್ತಿಲು ಬಂದಿತು. ಬೇಸಗೆ ಮಾತ್ರ ಬರಿದಾಗಿಯೇ ಉಳಿಯಿತು. ಈ ಬೇಸಗೆಯ ವಿಚಾರಕ್ಕೆ ಮತ್ತೆ ಬರುತ್ತೇವೆ.

ಮೈಸೂರಿನ ಏರ್ಪಾಟು ಬಹಳ ಕಾಲ ನಿಲ್ಲಲಿಲ್ಲ. ಸರ್ ಮೈಕೇಲ್ ಸ್ಯಾಡ್ಲರ್ ಅಧ್ಯಕ್ಷನಾಗಿದ್ದ ಕಲ್ಕತ್ತ ವಿಶ್ವವಿದ್ಯಾನಿಲಯ ಆಯೋಗವು (1917-19) ಶಾಲೆಗೂ ವಿಶ್ವವಿದ್ಯಾನಿಲಯಕ್ಕೂ ನಡುವಣ ಗಡಿಯನ್ನು ಇಂಟರ್‌ಮೀಡಿಯೆಟ್ ಪರೀಕ್ಷೆಯ ಬಳಿ ಎಳೆಯಬೇಕೆಂದೂ, ಅದಕ್ಕಾಗಿಯೇ ಪ್ರತ್ಯೇಕ ಇಂಟರ್‌ಮೀಡಿಯೆಟ್ ಕಾಲೇಜುಗಳು ಬೇಕೆಂದೂ ಸಲಹೆಮಾಡಿತು. ಬ್ರಜೇಂದ್ರನಾಥ ಶೀಲರು ಕುಲಪತಿಗಳಾಗಿದ್ದ ಅವಧಿಯ ಕೊನೆಯ ಭಾಗದಲ್ಲಿ, 1920ರ ದಶಕದ ಅಂತ್ಯದ ವೇಳೆಗೆ, ಮೈಸೂರಿನಲ್ಲಿಯೂ ಒಂದು ವರ್ಷದ ಪ್ರವೇಶ ತರಗತಿಯು ಹೋಗಿ ಎರಡು ವರ್ಷಗಳ ಇಂಟರ್‌ಮೀಡಿಯೆಟ್ ವ್ಯಾಸಂಗ ನೆಲೆಗೊಂಡಿತು. ಇಂದು ಯುವರಾಜ ಕಾಲೇಜು ಎನಿಸಿರುವ ಸಂಸ್ಥೆಯ ಬುಡದಲ್ಲಿರುವುದು ಆ ಕಾಲದ ಇಂಟರ್‌ಮೀಡಿಯೆಟ್ ಕಾಲೇಜೇ.

ಆಡಳಿತದ ಈ ಬದಲಾವಣೆಗಳು ಮದ್ದೂರಿನ ಅಥವಾ ಮಳವಳ್ಳಿಯ ಹುಡುಗನಿಗೆ ಏನಾಗಿ ಕಂಡವು? ಒಂದು ವರ್ಷವಾಗಲಿ ಎರಡು ವರ್ಷವಾಗಲಿ, ಅವನು ಮನೆಯನ್ನು ಬಿಟ್ಟು ಮೈಸೂರಿಗೋ ಬೆಂಗಳೂರಿಗೋ ಹೋಗಬೇಕಾಗಿತ್ತು. ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿ.ಮೀ. ದೂರ, ಹಾದಿಯಲ್ಲಿ ರೈಲು. ದಿನವೂ ಹೋಗಿಬರುವುದು ಕಷ್ಟವಾದರೂ ಅಸಾಧ್ಯವೆನ್ನುವಂತಿಲ್ಲ. ಮಳವಳ್ಳಿಯವನು ಮದ್ದೂರಿನ ರೈಲುನಿಲ್ದಾಣವನ್ನು ಮುಟ್ಟುವುದಕ್ಕೇ ಸುಮಾರು 25 ಕಿ.ಮೀ. ಬರಬೇಕು. ಇಲ್ಲೊಂದು ಮಾತನ್ನು ಹೇಳದೆ ಮುಂದೆ ಹೋಗಲಾಗದು. ಇದೇ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಉತ್ಪಾದಿಸಿದ ವಿದ್ಯುಚ್ಛಕ್ತಿಯನ್ನು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೂಲಕ ಸಾಗಿಸಿದರು. ಅಷ್ಟು ದೂರಕ್ಕೆ ಬೆಳಕನ್ನು ಕಳುಹಿಸಿದ ತಾಲ್ಲೂಕಿನ ಹುಡುಗನು ಓದಲು ಅದರ ಮೂರರಲ್ಲೊಂದು ಪಾಲಿನಷ್ಟು ದೂರ, ಮೈಸೂರಿನವರೆಗೆ, ನಡೆದೋ ಗಾಡಿಯಲ್ಲೋ ಹೋಗುತ್ತಿದ್ದ ಕಾಲವದು.

ನಗರವನ್ನು ಮುಟ್ಟಿದ ಮೇಲೆ ಊಟದ ಪ್ರಶ್ನೆ. ವಾರಾನ್ನದ ಪದ್ಧತಿ ನಮ್ಮ ವಾಚಕರಲ್ಲಿ ಹಿರಿಯರಿಗೆ ತಿಳಿಯದ್ದಲ್ಲ. ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು ಓದಿದವರ ಕಥೆಗಳು ಹಳೆಯ ಮೈಸೂರಿನ ಆತ್ಮಚರಿತ್ರೆಗಳಲ್ಲಿ ಹೇರಳವಾಗಿವೆ; ಅವು ಸಾಮಾನ್ಯವಾಗಿ ಕೃತಜ್ಞತೆಯ ಕಥೆಗಳು. ಆದರೆ ವಾರಾನ್ನವು ಜಾತಿಯ ಅಂಗಳದೊಳಗಿನ ಔದಾರ್ಯವಾಗಿತ್ತೆಂಬುದನ್ನು ಮರೆಯಲಾಗದು. ಬ್ರಾಹ್ಮಣ ವಿದ್ಯಾರ್ಥಿಗೆ ನಗರದಲ್ಲಿ ಏಳು ಮನೆಗಳು ದೊರೆಯಬಹುದಾಗಿದ್ದರೆ, ರೈತನ ಮಗನಿಗೆ ಅಷ್ಟು ಮನೆಗಳು ನಗರದಲ್ಲಿ ಇರಲಿಲ್ಲ. ದಲಿತ ವಿದ್ಯಾರ್ಥಿಗೆ ಆ ಬಾಗಿಲುಗಳೇ ಮುಚ್ಚಿದ್ದವು. ಆದುದರಿಂದಲೇ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸಮುದಾಯಗಳು ತಮ್ಮ ವಿದ್ಯಾರ್ಥಿನಿಲಯಗಳನ್ನು ತಾವೇ ಕಟ್ಟಿಕೊಳ್ಳತೊಡಗಿದವು. ಬೆಂಗಳೂರಿನಲ್ಲಿ ಒಕ್ಕಲಿಗರ ಸಂಘವು 1906ರಲ್ಲಿ ಸ್ಥಾಪಿತವಾಯಿತು. ಮೈಸೂರಿನಲ್ಲಿ ಸುತ್ತೂರು ಮಠದ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು 1941ರಲ್ಲಿ ಉಚಿತ ವಿದ್ಯಾರ್ಥಿನಿಲಯವನ್ನು ತೆರೆದರು. ಹಿಂದುಳಿದ ವರ್ಗಗಳ ಪ್ರಾತಿನಿಧ್ಯವನ್ನು ಕುರಿತು ವಿಚಾರಿಸಲು 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿಯ ವರದಿಯನ್ನು ಸರ್ಕಾರಿ ನೌಕರಿಗಳ ವಿಷಯವೆಂದೇ ಓದುವುದು ವಾಡಿಕೆ. ಆದರೆ ನೌಕರಿಗೆ ಪದವಿ ಬೇಕು, ಪದವಿಗೆ ಇಂಟರ್‌ಮೀಡಿಯೆಟ್ ಬೇಕು, ಇಂಟರ್‌ಮೀಡಿಯೆಟ್‌ಗೆ ನಗರದಲ್ಲಿ ಎರಡು ವರ್ಷ ಅನ್ನ ಬೇಕು ಎಂಬ ಸರಪಳಿಯನ್ನು ನೆನೆದರೆ, ಆ ಕಾಲದ ಮೀಸಲಾತಿಯ ಚರ್ಚೆಯ ಹಿಂದೆ ಈ ನಡುವಣ ಮೆಟ್ಟಿಲಿನ ನೆರಳನ್ನು ಕಾಣಬಹುದು.

1930ರ ದಶಕದಲ್ಲಿ ಮಂಡ್ಯದ ಸೀಮೆಯ ಆರ್ಥಿಕ ಸ್ಥಿತಿಯೇ ಬೇರೆಯಾಯಿತು. ನಾಲೆಯ ನೀರು ಬಂದಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪೆನಿ ಸ್ಥಾಪಿತವಾಯಿತು. ರಾಗಿ, ಹುರುಳಿ ಬೆಳೆಯುತ್ತಿದ್ದ ಹೊಲಗಳಲ್ಲಿ ಬತ್ತವೂ ಕಬ್ಬೂ ಎದ್ದುನಿಂತವು. ರೈತನ ಕೈಯಲ್ಲಿ ರೊಕ್ಕವಾಡತೊಡಗಿತು. 1939ರ ಜುಲೈ 1ರಂದು ಮಂಡ್ಯವು ಮೈಸೂರು ಜಿಲ್ಲೆಯಿಂದ ಬೇರೆಯಾಗಿ ಏಳು ತಾಲ್ಲೂಕುಗಳ ಪ್ರತ್ಯೇಕ ಜಿಲ್ಲೆಯಾಯಿತು. ನೀರು, ಕಾರ್ಖಾನೆ, ಜಿಲ್ಲಾ ಕಚೇರಿ, ನ್ಯಾಯಾಲಯ ಇವೆಲ್ಲವೂ ಬಂದವು. ಕಾಲೇಜು ಬರಲು ಇನ್ನೂ ಒಂಬತ್ತು ವರ್ಷ ಕಾಯಬೇಕಾಯಿತು. ಶುಲ್ಕವನ್ನು ಕಟ್ಟುವ ಶಕ್ತಿ ಮೊದಲು ಬಂದು, ಓದುವ ಸ್ಥಳ ತಡವಾಗಿ ಬಂದ ಈ ಅಂತರವನ್ನು ಜಿಲ್ಲೆಯ ಇತಿಹಾಸಕಾರರು ಸಾಕಷ್ಟು ಗಮನಿಸಿದಂತೆ ತೋರುವುದಿಲ್ಲ. ಈ ಅವಧಿಯಲ್ಲಿ ಓದಿದವರು ಅನುಕೂಲಸ್ಥರ ಮಕ್ಕಳು. ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯಲ್ಲಿ 1932ರಲ್ಲಿ ಜನಿಸಿ, ಮುಂದೆ ರಾಜ್ಯದ ಮುಖ್ಯಮಂತ್ರಿಗಳಾದ ಎಸ್.ಎಂ. ಕೃಷ್ಣ ಅವರ ವಿದ್ಯಾಭ್ಯಾಸವು ಮೈಸೂರಿನ ಮಹಾರಾಜ ಕಾಲೇಜಿನಲ್ಲಿಯೂ ಬೆಂಗಳೂರಿನಲ್ಲಿಯೂ ನಡೆದು, ಅಲ್ಲಿಂದ ಅಮೆರಿಕದವರೆಗೆ ಹೋಯಿತು. ಸೋಮನಹಳ್ಳಿಯಿಂದ ಮೈಸೂರಿಗೆ ಹೋಗಬಲ್ಲವನಿಗೆ ಅಲ್ಲಿಂದ ಮುಂದಿನ ದಾರಿಯು ತೆರೆದೇ ಇತ್ತು. ಮೊದಲಿನ ಆ ತುಂಡು ದಾರಿಯೇ ಬಹುಮಂದಿಗೆ ದಾಟಲಾರದ್ದು.

1948ರಲ್ಲಿ ಮಂಡ್ಯದಲ್ಲಿ ಸರ್ಕಾರಿ ಇಂಟರ್‌ಮೀಡಿಯೆಟ್ ಕಾಲೇಜು ಪ್ರಾರಂಭವಾಯಿತು. ಹಿಂದಿನ ವರ್ಷದ ಅಕ್ಟೋಬರಿನಲ್ಲಿ ಸಂಸ್ಥಾನಕ್ಕೆ ಜವಾಬ್ದಾರಿ ಸರ್ಕಾರ ಬಂದಿದ್ದಿತು. 1938ರ ಏಪ್ರಿಲಿನಲ್ಲಿ ಮದ್ದೂರಿನ ಶಿವಪುರದಲ್ಲಿ ಧ್ವಜ ಸತ್ಯಾಗ್ರಹವನ್ನು ನಡೆಸಿದ ಸೀಮೆಗೆ, ಹತ್ತು ವರ್ಷಗಳ ತರುವಾಯ ದೊರೆತದ್ದು ಒಂದು ಕಾಲೇಜು ಎಂದು ಲಘುವಾಗಿ ಹೇಳಿಬಿಡಬಹುದು. ಆದರೆ ಅದು ಸಣ್ಣ ಫಲವಲ್ಲ. ಮಂಡ್ಯದ ಆಸುಪಾಸಿನ ಹಳ್ಳಿಗಳ ಹುಡುಗನು ಬೆಳಿಗ್ಗೆ ಮನೆಯಲ್ಲಿ ಮುದ್ದೆ ಉಂಡು ಹೊರಟು, ಸಂಜೆ ಹಿಂದಿರುಗಿ, ದನಕ್ಕೆ ಹುಲ್ಲು ಹಾಕಬಹುದಾಗಿತ್ತು. ಮನೆಯ ದುಡಿಮೆಯಿಂದ ಒಂದು ಜೊತೆ ಕೈಗಳನ್ನು ಪೂರ್ತಿಯಾಗಿ ಕಳೆದುಕೊಳ್ಳದೆ ಮಗನನ್ನು ಓದಿಸಲು ಸಾಧ್ಯವಾಯಿತೆಂಬುದು ಬೇಸಾಯದ ಮನೆಗೆ ಶುಲ್ಕದ ರಿಯಾಯತಿಗಿಂತಲೂ ಹೆಚ್ಚಿನದು. ಹೆಣ್ಣುಮಕ್ಕಳ ವಿಷಯದಲ್ಲಂತೂ ದೂರವೇ ನಿರ್ಣಾಯಕವಾಗಿತ್ತು. ಹದಿನಾರು ವರ್ಷದ ಮಗಳನ್ನು ಮೈಸೂರಿನಲ್ಲಿ ಬಿಟ್ಟುಬರಲು ಒಪ್ಪದ ತಂದೆತಾಯಿಗಳು, ಅವಳು ಸಂಜೆ ಮನೆಗೆ ಬರುವಳೆಂದಾದರೆ ಕೆಲವು ಮಂದಿಯಾದರೂ ಒಪ್ಪುವರು. ಆದರೂ ಮಂಡ್ಯಕ್ಕೆ ಬಂದದ್ದು ಮಳವಳ್ಳಿಗೆ ಬಂದಂತಾಗಲಿಲ್ಲ. ಮಳವಳ್ಳಿಯ ಮೂಲೆಯ ಹಳ್ಳಿಯವನಿಗೆ ಮಂಡ್ಯವೂ ಬಿಡಾರ ಹೂಡಿ ಓದಬೇಕಾದ ಊರೇ ಆಗಿತ್ತು.

ಹೊಸ್ತಿಲು ಹಳ್ಳಿಯ ಬಳಿಗೆ ಬರುತ್ತಿದ್ದ ಅದೇ ಕಾಲದಲ್ಲಿ ಅದರ ಆಕಾರವನ್ನು ಬದಲಾಯಿಸುವ ಆಲೋಚನೆ ದೆಹಲಿಯಲ್ಲಿ ನಡೆಯುತ್ತಿತ್ತು. ಒಮ್ಮೆ ಮಹಾರಾಜ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ರಾಧಾಕೃಷ್ಣನ್ ಅವರ ಅಧ್ಯಕ್ಷತೆಯ ಆಯೋಗವು (1948-49) ವಿಶ್ವವಿದ್ಯಾನಿಲಯವನ್ನು ಸೇರುವುದಕ್ಕೆ ಮುಂಚೆ ಹನ್ನೆರಡು ವರ್ಷಗಳ ಓದು ಬೇಕೆಂದಿತು. ಲಕ್ಷ್ಮಣಸ್ವಾಮಿ ಮೊದಲಿಯಾರರ ಪ್ರೌಢಶಿಕ್ಷಣ ಆಯೋಗವು (1952-53) ಇಂಟರ್‌ಮೀಡಿಯೆಟ್ ಹಂತವನ್ನೇ ತೆಗೆದುಹಾಕಿ, ಅದರ ಒಂದು ವರ್ಷವನ್ನು ಶಾಲೆಗೂ ಇನ್ನೊಂದನ್ನು ಪದವಿಗೂ ಸೇರಿಸಿ, ಪ್ರೌಢಶಾಲೆಯಿಂದ ನೇರವಾಗಿ ಬರುವವರಿಗಾಗಿ ಒಂದು ವರ್ಷದ ಪದವಿಪೂರ್ವ ತರಗತಿಯನ್ನು ನಡೆಸಬಹುದೆಂದು ಸೂಚಿಸಿತು. 1950ರ ದಶಕ ಮುಗಿಯುವ ವೇಳೆಗೆ ಮೈಸೂರಿನಲ್ಲಿಯೂ ಇಂಟರ್‌ಮೀಡಿಯೆಟ್ ಅಳಿದು, ಒಂದು ವರ್ಷದ ಪಿ.ಯು.ಸಿ. ಮತ್ತು ಮೂರು ವರ್ಷದ ಪದವಿ ಬಂದವು. 1916ರ ಏರ್ಪಾಟಿಗೆ ಸುತ್ತಿ ಬಂದಂತಾಯಿತು.

ಈ ಬದಲಾವಣೆಯು ಗ್ರಾಮಾಂತರದ ವಿದ್ಯಾರ್ಥಿಗೆ ಹಾನಿಯನ್ನುಂಟುಮಾಡಿತೆಂಬುದು ನಮ್ಮ ಅಭಿಪ್ರಾಯ. ಆ ವೇಳೆಗೆ ಪ್ರೌಢಶಾಲೆಯಲ್ಲಿ ಕನ್ನಡದ ಮೂಲಕ ಇತಿಹಾಸ, ಗಣಿತ, ವಿಜ್ಞಾನಗಳನ್ನು ಕಲಿಯುವುದು ಸಾಮಾನ್ಯವಾಗಿತ್ತು. ಕಾಲೇಜಿನಲ್ಲಿ ಅವೇ ವಿಷಯಗಳು ಇಂಗ್ಲಿಷಿನ ಮೂಲಕ. ಎರಡು ವರ್ಷದ ಇಂಟರ್‌ಮೀಡಿಯೆಟ್‌ನಲ್ಲಿ ಮೊದಲನೆಯ ವರ್ಷ ಭಾಷೆಯ ಗೊಂದಲದಲ್ಲಿ ಕಳೆದರೂ ಎರಡನೆಯ ವರ್ಷದಲ್ಲಿ ವಿಷಯವನ್ನು ಹಿಡಿಯಲು ಅವಕಾಶವಿತ್ತು. ಒಂದು ವರ್ಷದ ಪಿ.ಯು.ಸಿ.ಯಲ್ಲಿ ಆ ಅವಕಾಶ ಇಲ್ಲವಾಯಿತು. ಜೂನ್ ಅಥವಾ ಜುಲೈನಲ್ಲಿ ಸೇರಿ, ಮಾರ್ಚ್ ಏಪ್ರಿಲಿನಲ್ಲಿ ಪರೀಕ್ಷೆಗೆ ಕೂರಬೇಕು. ನಡುವೆ ದಸರಾ ರಜೆ. ಉಳಿಯುವ ಎಂಟು ತಿಂಗಳಲ್ಲಿ ‘ಆಮ್ಲಜನಕ’ವನ್ನು ‘ಆಕ್ಸಿಜನ್’ ಎಂದೂ, ‘ಲಂಬಕೋನ’ವನ್ನು ‘ರೈಟ್ ಆಂಗಲ್’ ಎಂದೂ ಗುರುತಿಸುವುದನ್ನು ಕಲಿಯುವ ಹೊತ್ತಿಗೆ ಪರೀಕ್ಷೆಯೇ ಬಂದಿರುತ್ತಿತ್ತು. ಬುದ್ಧಿಯಲ್ಲಿ ಯಾರಿಗೂ ಕಡಮೆಯಲ್ಲದವನು ಈ ಎಂಟು ತಿಂಗಳಲ್ಲಿ ಹಿಂದೆ ಬಿದ್ದು ಊರಿಗೆ ಮರಳಿದರೆ, ಅವನನ್ನು ‘ಪಿ.ಯು.ಸಿ. ಫೇಲು’ ಎಂಬ ಹೆಸರಿನಿಂದ ಊರು ಗುರುತಿಸುತ್ತಿತ್ತು. ಆ ಹೆಸರು ನೇಗಿಲನ್ನು ಹಿಡಿಯಲೂ ಬಿಡದು, ಕಚೇರಿಯನ್ನು ಸೇರಿಸಲೂ ಆಗದು.

ಇಲ್ಲಿಯೇ ನಾವು ಮೊದಲು ಬಿಟ್ಟುಬಂದ ಬೇಸಗೆಯನ್ನು ನೆನೆಯಬೇಕು. ಎಸ್.ಎಸ್.ಎಲ್.ಸಿ. ಪರೀಕ್ಷೆ ಮುಗಿದು ಕಾಲೇಜು ತೆರೆಯುವವರೆಗೆ ಎರಡು ತಿಂಗಳಿಗೂ ಮಿಕ್ಕ ಬಿಡುವು. ಅನುಕೂಲಸ್ಥರ ಮನೆಯ ಮಗನು ಈ ಕಾಲದಲ್ಲಿ ನಗರದ ನೆಂಟರ ಮನೆಯಲ್ಲಿದ್ದು ಇಂಗ್ಲಿಷನ್ನು ತಿದ್ದಿಕೊಳ್ಳುತ್ತಿದ್ದನು. ಹಳ್ಳಿಯವನಿಗೆ ಅದು ಗದ್ದೆಯ ಕೆಲಸ, ಆಲೆಮನೆಯ ಕೂಲಿ, ಶುಲ್ಕದ ಹಣ ಹೊಂದಿಸುವ ಓಡಾಟ. ಭಾಷೆಯ ಹಳ್ಳವನ್ನು ದಾಟಿಸಲು ಆ ಎರಡು ತಿಂಗಳುಗಳಲ್ಲಿ ತಾಲ್ಲೂಕು ಕೇಂದ್ರದ ಪ್ರೌಢಶಾಲೆಯಲ್ಲಿಯೇ ತರಗತಿಗಳನ್ನು ನಡೆಸಿದ್ದರೆ, ಕಟ್ಟಡವಿತ್ತು, ರಜೆಯಲ್ಲಿದ್ದ ಅಧ್ಯಾಪಕರೂ ಇದ್ದರು. ಅಂತಹ ಏರ್ಪಾಟನ್ನು ಮಾಡುವುದು ಯಾರ ಕರ್ತವ್ಯ ಎಂಬುದಕ್ಕೆ ಉತ್ತರವಿರಲಿಲ್ಲ. ಶಾಲೆಗೆ ಆ ವಿದ್ಯಾರ್ಥಿ ಮುಗಿದವನು. ಕಾಲೇಜಿಗೆ ಇನ್ನೂ ಬಾರದವನು.

ವಿಶ್ವವಿದ್ಯಾನಿಲಯವು ಭಾಷೆಯ ಈ ತೊಡಕನ್ನು ಅರಿಯದೆ ಇರಲಿಲ್ಲ. ಅದರ ಇಂಗ್ಲಿಷ್-ಕನ್ನಡ ನಿಘಂಟು 1946ರಲ್ಲಿ ಪ್ರಕಟವಾಯಿತು. ಪ್ರಚಾರೋಪನ್ಯಾಸ ಮಾಲೆಯ ಪುಟ್ಟ ಪುಸ್ತಕಗಳು ವಿಜ್ಞಾನ, ಇತಿಹಾಸಗಳನ್ನು ಕನ್ನಡದಲ್ಲಿ ಹಳ್ಳಿಗಳವರೆಗೆ ಒಯ್ದವು. 1956ರಿಂದ 1960ರವರೆಗೆ ಕುಲಪತಿಗಳಾಗಿದ್ದ ಕುವೆಂಪು ಅವರು ವಿಶ್ವವಿದ್ಯಾನಿಲಯದ ಕಾರ್ಯವನ್ನು ಅಧ್ಯಯನಾಂಗ, ಸಂಶೋಧನಾಂಗ, ಪ್ರಸಾರಾಂಗಗಳೆಂದು ವಿಭಾಗಿಸಿ, ಉನ್ನತ ಶಿಕ್ಷಣಕ್ಕೂ ಕನ್ನಡವೇ ಮಾಧ್ಯಮವಾಗಬೇಕೆಂದು ಬಲವಾಗಿ ವಾದಿಸಿದರು. ಕನ್ನಡ ಪಠ್ಯಪುಸ್ತಕಗಳೂ ಕ್ರಮೇಣ ಬಂದವು. ಕಲಾ ವಿಭಾಗದಲ್ಲಿ ಇದರಿಂದ ತಕ್ಕಮಟ್ಟಿನ ಪ್ರಯೋಜನವಾಯಿತು; ವಿಜ್ಞಾನದಲ್ಲಿ ಹಳ್ಳ ಹಳ್ಳವಾಗಿಯೇ ಉಳಿಯಿತು.

ಸರ್ಕಾರವನ್ನೇ ಕಾಯದೆ ಕಾಲೇಜುಗಳನ್ನು ಕಟ್ಟುವ ಕೆಲಸ 1960ರ ದಶಕದಲ್ಲಿ ಜಿಲ್ಲೆಯಲ್ಲಿ ಚುರುಕಾಯಿತು. ಮುಂದೆ ರಾಜ್ಯದ ಶಿಕ್ಷಣ ಸಚಿವರೂ ಆದ ಕೆ.ವಿ. ಶಂಕರಗೌಡರ ಮುಂದಾಳುತನದಲ್ಲಿ ಜನತಾ ಶಿಕ್ಷಣದ ಸಂಸ್ಥೆಯು 1962ರಲ್ಲಿ ಮಂಡ್ಯದಲ್ಲಿ ಪಿ.ಇ.ಎಸ್. ಎಂಜಿನಿಯರಿಂಗ್ ಕಾಲೇಜನ್ನು ತೆರೆಯಿತು. ಮದ್ದೂರು ತಾಲ್ಲೂಕಿನ ಕಾಳಮುದ್ದನದೊಡ್ಡಿಯಲ್ಲಿ, ಇಂದಿನ ಭಾರತೀನಗರದಲ್ಲಿ, ಜಿ. ಮಾದೇಗೌಡರು ಭಾರತೀ ವಿದ್ಯಾಸಂಸ್ಥೆಗಳನ್ನು ಬೆಳೆಸಿದರು. ಈ ಎರಡನೆಯದು ನಮ್ಮ ದೃಷ್ಟಿಯಿಂದ ಹೆಚ್ಚು ಗಮನಾರ್ಹ. ಕಾಳಮುದ್ದನದೊಡ್ಡಿ ಜಿಲ್ಲಾ ಕೇಂದ್ರವಲ್ಲ, ತಾಲ್ಲೂಕು ಕೇಂದ್ರವೂ ಅಲ್ಲ; ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯ ಮೇಲಿನ ಊರು. ರೈಲು ಬಿಟ್ಟುಹೋದ ಸೀಮೆಗೆ ಹೊಸ್ತಿಲನ್ನು ಬಸ್ಸಿನ ದಾರಿಯ ಮೇಲೆ ಇರಿಸಿದಂತಾಯಿತು. ಮದ್ದೂರಿನಲ್ಲಿ ಸ್ವಾತಂತ್ರ್ಯ ಹೋರಾಟಗಾರ ಎಚ್.ಕೆ. ವೀರಣ್ಣಗೌಡರ ಹೆಸರಿನ ಕಾಲೇಜು ಬಂದಿತು; ಮಳವಳ್ಳಿಯಲ್ಲಿಯೂ ಕಾಲೇಜುಗಳು ತೆರೆದವು.

ಕೊಠಾರಿ ಆಯೋಗವು (1964-66) ಪದವಿಪೂರ್ವ ವ್ಯಾಸಂಗವು ವಿಶ್ವವಿದ್ಯಾನಿಲಯಗಳಿಂದ ಹೊರಕ್ಕೆ ಹೋಗತಕ್ಕದ್ದೆಂದು ಹೇಳಿತು. 1970ರ ದಶಕದ ಆರಂಭದಲ್ಲಿ ನಮ್ಮ ರಾಜ್ಯದಲ್ಲಿ ಪಿ.ಯು.ಸಿ. ಮತ್ತೆ ಎರಡು ವರ್ಷದ್ದಾಗಿ ಪ್ರತ್ಯೇಕ ಆಡಳಿತಕ್ಕೆ ಸೇರಿತು. ಕಳೆದುಹೋಗಿದ್ದ ಎರಡನೆಯ ವರ್ಷ ದೊರೆತದ್ದು ಒಳಿತೇ. ಪದವಿಪೂರ್ವ ಕಾಲೇಜುಗಳು ಹೋಬಳಿಗಳವರೆಗೆ ಹಬ್ಬಿದವು. ಇದರೊಡನೆ ಇನ್ನೊಂದು ಸಂಗತಿಯೂ ಸಂಭವಿಸಿತು. ಈ ಮೆಟ್ಟಿಲು ಹಳ್ಳಿಯ ಬಾಗಿಲಿಗೆ ಬಂದಾಗ ವಿಶ್ವವಿದ್ಯಾನಿಲಯವು ಅದರಿಂದ ಕೈತೆಗೆದಿತ್ತು. 1948ರ ಮಂಡ್ಯದ ಇಂಟರ್‌ಮೀಡಿಯೆಟ್ ವಿದ್ಯಾರ್ಥಿಯು ಮೈಸೂರು ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದನು. ಅದರ ಅಧ್ಯಾಪಕರು ಗೊತ್ತುಮಾಡಿದ ಪಾಠವನ್ನೇ ಓದಿ, ಅದರ ಪರೀಕ್ಷೆಗೇ ಕೂರುತ್ತಿದ್ದನು. ಆತನ ಮೊಮ್ಮಗಳಿಗೆ ಕಾಲೇಜು ಹತ್ತಿರವಾಯಿತು. ವಿಶ್ವವಿದ್ಯಾನಿಲಯದ ಪರಿಚಯ ಮಾತ್ರ ಪದವಿ ತರಗತಿಗೆ ಸೇರಿದ ದಿನದಿಂದಲೇ.

ಶಾಲೆಯನ್ನು ನಡುವೆ ಬಿಟ್ಟವರಿಗೂ ಒಂದು ಹಾದಿ ತೆರೆಯಿತು. ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ಮತ್ತು ತೆರಪಿನ ಶಿಕ್ಷಣ ಸಂಸ್ಥೆ 1969ರಲ್ಲಿ ಆರಂಭವಾಗಿ, 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಅಂಚೆಯಲ್ಲಿ ಬಂದ ಪಾಠಗಳನ್ನು ಓದಿ, ಕೆಲವು ದಿನಗಳ ಸಂಪರ್ಕ ತರಗತಿಗಳಲ್ಲಿ ಅಧ್ಯಾಪಕರ ಮುಖವನ್ನು ಕಾಣುವ ಆ ಕ್ರಮದಲ್ಲಿ ಜಿಲ್ಲೆಯ ಎಷ್ಟೋ ಮಂದಿ ಪ್ರಾಥಮಿಕ ಶಾಲೆಯ ಉಪಾಧ್ಯಾಯರು ಪದವೀಧರರಾದರು. ಅಮೆರಿಕದ ಮಾದರಿಯ ಸಮುದಾಯ ಕಾಲೇಜುಗಳಿಗೆ ನೆರವು ನೀಡುವ ಯೋಜನೆಯನ್ನು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2013ರ ವೇಳೆಗೆ ಆರಂಭಿಸಿತಾದರೂ, ಅದರ ಒಲವು ಕಸಬಿನ ತರಬೇತಿಯ ಕಡೆಗಿತ್ತು. ಬೇಸಗೆಯ ಬಿಡುವನ್ನು ತುಂಬಿದ್ದು ಬೇರೊಂದು ಬಗೆಯಲ್ಲಿ: 2024ರಲ್ಲಿ ರಾಜ್ಯದ ಎಸ್.ಎಸ್.ಎಲ್.ಸಿ., ದ್ವಿತೀಯ ಪಿ.ಯು.ಸಿ. ಪರೀಕ್ಷೆಗಳನ್ನು ವರ್ಷಕ್ಕೆ ಮೂರು ಬಾರಿ ನಡೆಸುವ ಕ್ರಮ ಬಂದು, ಮೊದಲ ಬಾರಿ ಸೋತವನು ಅದೇ ವರ್ಷ ಮುಂದಿನ ತರಗತಿಗೆ ಸೇರಲು ಸಾಧ್ಯವಾಯಿತು. ‘ಫೇಲು’ ಎಂಬ ಹಣೆಪಟ್ಟಿಯು ಒಂದು ವರ್ಷದಿಂದ ಕೆಲವು ವಾರಗಳಿಗೆ ಇಳಿಯಿತು.

1948ರ ಇಂಟರ್‌ಮೀಡಿಯೆಟ್ ಕಾಲೇಜು ಮುಂದೆ ಪದವಿ ಕಾಲೇಜಾಗಿ, ಸ್ವಾಯತ್ತ ಕಾಲೇಜಾಗಿ, 2019ರಲ್ಲಿ ಮಂಡ್ಯ ವಿಶ್ವವಿದ್ಯಾನಿಲಯವೆಂಬ ಹೆಸರನ್ನೂ ಪಡೆಯಿತು. ಹೊಸ್ತಿಲೇ ಮನೆಯಾದ ಈ ಪ್ರಸಂಗ ಎಪ್ಪತ್ತೊಂದು ವರ್ಷಗಳಲ್ಲಿ ಪೂರ್ಣವಾಯಿತೆನ್ನುವಷ್ಟರಲ್ಲಿ, ಹೊಸದಾಗಿ ಹುಟ್ಟಿದ ಒಂಬತ್ತು ವಿಶ್ವವಿದ್ಯಾನಿಲಯಗಳನ್ನು ಆರ್ಥಿಕ ಕಾರಣಗಳಿಂದ ಮುಂದುವರಿಸಬೇಕೇ ಎಂಬ ಪ್ರಶ್ನೆಯು 2025ರಲ್ಲಿ ರಾಜ್ಯ ಸರ್ಕಾರದ ಮುಂದೆ ಬಂದಿತು; ಅವುಗಳಲ್ಲಿ ಮಂಡ್ಯವೂ ಒಂದು. ಆ ಚರ್ಚೆಯಲ್ಲಿ ಕಟ್ಟಡ, ಅನುದಾನ, ಹುದ್ದೆಗಳ ಲೆಕ್ಕ ಹೇರಳವಾಗಿ ಕೇಳಿಬಂದಿತು. ಮಳವಳ್ಳಿಯಿಂದ ಬೆಳಗಿನ ಮೊದಲನೆಯ ಬಸ್ಸನ್ನು ಹಿಡಿದು ಮಂಡ್ಯಕ್ಕೆ ಬಂದು, ಕತ್ತಲಾಗುವ ಮೊದಲು ಮನೆಯನ್ನು ಸೇರುವ ವಿದ್ಯಾರ್ಥಿನಿಯು ಮೈಸೂರಿಗೆ ಹೋಗಬೇಕಾದರೆ ಎಷ್ಟು ಗಂಟೆಗೆ ಏಳಬೇಕೆಂಬ ಲೆಕ್ಕವನ್ನೂ ಆ ಕಡತಗಳ ಜೊತೆಗೆ ಇಡತಕ್ಕದ್ದು.